ಸ್ವಿಚ್ ಮ್ಯಾಕ್ ವಿಳಾಸ ಕಲಿಯುವುದು, ಫ್ರೇಮ್ ಸಾಗಿಸುವುದು: ಮಾಡಿ ನೋಡಿ ತಿಳಿಯುವ ಕೈಪಿಡಿ

ಹೊಸ ಈಥರ್ನೆಟ್ ಸ್ವಿಚ್‌ಗೆ (ಕೇಬಲ್‌ಗಳ ಮೂಲಕ ಯಂತ್ರಗಳನ್ನು ಜೋಡಿಸುವ ಪೆಟ್ಟಿಗೆ) ಕರೆಂಟು ಕೊಟ್ಟಾಗ ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಯಾರೂ ಪಟ್ಟಿ ಬರೆದುಕೊಡುವುದೂ ಇಲ್ಲ. ಆದರೂ ಕೆಲವೇ ಸೆಕೆಂಡುಗಳಲ್ಲಿ ಫ್ರೇಮ್‌ಗಳು, ಅಂದರೆ ಜಾಲದಲ್ಲಿ ಸಾಗುವ ಮಾಹಿತಿಯ ತುಂಡುಗಳು, ಸರಿಯಾದ ಪೋರ್ಟಿನಿಂದಲೇ ಹೊರಬೀಳತೊಡಗುತ್ತವೆ. ಇದರ ಹಿಂದಿರುವುದು ಎರಡೇ ನಿಯಮ: ಒಳಬಂದ ಫ್ರೇಮ್‌ನ ಸೋರ್ಸ್ (ಕಳಿಸಿದ ಯಂತ್ರದ) ಮ್ಯಾಕ್ ವಿಳಾಸ ನೋಡಿ ಕಲಿಯುವುದು, ಡೆಸ್ಟಿನೇಶನ್ (ತಲುಪಬೇಕಾದ ಯಂತ್ರದ) ಮ್ಯಾಕ್ ವಿಳಾಸ ನೋಡಿ ಕಳಿಸುವುದು. ಮ್ಯಾಕ್ ವಿಳಾಸ ಎಂದರೆ ಯಂತ್ರದ ಜಾಲದ ಕಾರ್ಡಿಗಿರುವ 48 ಬಿಟ್‌ನ ಗುರುತು. ಹಾಗಾಗಿ ಮಾತಾಡಿದ ಯಂತ್ರವಷ್ಟೇ ಸ್ವಿಚ್‌ಗೆ ಗೊತ್ತು. ಸುಮ್ಮನಿರುವ ಯಂತ್ರ ಕೇಬಲ್ಲಿನ ತುದಿಯಲ್ಲಿದ್ದರೂ ಕಲಿತ ವಿಳಾಸಗಳ ಟೇಬಲ್‌ನಲ್ಲಿ ಇಲ್ಲ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಎರಡನೇ ಪದರದ (ಮ್ಯಾಕ್ ವಿಳಾಸದಿಂದ ಫ್ರೇಮ್ ಸಾಗುವ ಮಟ್ಟ) ಬಹುಪಾಲು ತೊಂದರೆಗಳ ಬೇರು ಸಿಗುತ್ತದೆ. ಮೊದಲು ಕೆಲಸ ನಡೆಯುವ ಬಗೆ, ನಂತರ ಒಂದೇ ಲಿನಕ್ಸ್ ಯಂತ್ರದಲ್ಲಿ ಮಾಡಿ ನೋಡುವ ಪ್ರಯೋಗ, ಆಮೇಲೆ ನಿಜವಾದ ಸ್ವಿಚ್‌ನಲ್ಲಿ ಯಂತ್ರವನ್ನು ಹುಡುಕುವುದು ಮತ್ತು ಕೆಡುವ ಬಗೆಗಳು.

ಸ್ವಿಚ್ ಓದುವ ಭಾಗ

ಫ್ರೇಮ್‌ನ ಮೊದಲ 6 ಬೈಟ್ ಡೆಸ್ಟಿನೇಶನ್ ಮ್ಯಾಕ್, ಮುಂದಿನ 6 ಬೈಟ್ ಸೋರ್ಸ್ ಮ್ಯಾಕ್, ಬಳಿಕ 2 ಬೈಟ್ ಟೈಪ್, 46ರಿಂದ 1500 ಬೈಟ್‌ವರೆಗೆ ಒಳಗಿನ ಮಾಹಿತಿ, ಕೊನೆಯಲ್ಲಿ ತಪ್ಪು ಪತ್ತೆಗೆ 4 ಬೈಟ್ ಎಫ್‌ಸಿಎಸ್. ಒಟ್ಟು ಕನಿಷ್ಠ 64, ಗರಿಷ್ಠ 1518 ಬೈಟ್. ಒಂದೇ ಸ್ವಿಚ್ಚನ್ನು ಬೇರೆ ಬೇರೆ ಜಾಲಗಳಾಗಿ ವಿಂಗಡಿಸುವ ವಿಲ್ಯಾನ್‌ನ ಟ್ಯಾಗ್ ಇದ್ದರೆ ಸೋರ್ಸ್ ವಿಳಾಸದ ನಂತರ 4 ಬೈಟ್ ಸೇರಿ 1522 ಆಗುತ್ತದೆ. ಆ ಟ್ಯಾಗ್‌ನೊಳಗಿನ 12 ಬಿಟ್‌ಗಳೇ ವಿಲ್ಯಾನ್ ಸಂಖ್ಯೆ, ಬಳಸಲು ಸಿಗುವುದು 1ರಿಂದ 4094. ಐಪಿ ವಿಳಾಸ ಇರುವುದು ಒಳಗಿನ ಮಾಹಿತಿಯಲ್ಲಿ, ಎರಡನೇ ಪದರದ ಸ್ವಿಚ್ ಫ್ರೇಮ್ ಸಾಗಿಸಲು ಅದನ್ನು ನೋಡುವುದೇ ಇಲ್ಲ.

ಮ್ಯಾಕ್ ವಿಳಾಸದ ಮೊದಲ ಬೈಟಿನ ಕೊನೆಯ ಎರಡು ಬಿಟ್‌ಗಳನ್ನು ಓದಲು ಕಲಿತುಕೊಳ್ಳಿ, ತುಂಬ ಕಡೆ ಉಪಯೋಗಕ್ಕೆ ಬರುತ್ತದೆ. ಕಟ್ಟಕಡೆಯ ಬಿಟ್ 1 ಆಗಿದ್ದರೆ ಅದು ಗುಂಪಿನ ವಿಳಾಸ, ಅಂದರೆ ಮಲ್ಟಿಕಾಸ್ಟ್ (ಒಂದು ಗುಂಪಿಗೆ) ಅಥವಾ ಬ್ರಾಡ್‌ಕಾಸ್ಟ್ (ಎಲ್ಲರಿಗೂ). 48 ಬಿಟ್‌ಗಳೂ 1 ಆಗಿದ್ದರೆ ಬ್ರಾಡ್‌ಕಾಸ್ಟ್. ಅದರ ಹಿಂದಿನ ಬಿಟ್ 1 ಆಗಿದ್ದರೆ ಆ ವಿಳಾಸ ತಯಾರಕರು ಕೊಟ್ಟದ್ದಲ್ಲ, ಸ್ಥಳೀಯವಾಗಿ ಇಟ್ಟುಕೊಂಡದ್ದು. ವರ್ಚುಯಲ್ ಯಂತ್ರಗಳಲ್ಲಿ, ಫೋನುಗಳು ವೈಫೈಗೆಂದು ಮಾಡಿಕೊಳ್ಳುವ ಬದಲಿ ವಿಳಾಸಗಳಲ್ಲಿ ಇದನ್ನು ಕಾಣುತ್ತೀರಿ. ವಿಳಾಸದ ಎರಡನೇ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಅದು ಈ ಜಾತಿಯದು. ತಯಾರಕರ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಒಂದು ಫ್ರೇಮ್ ಒಳಬಂದಾಗ

ಫ್ರೇಮ್ ಪೂರ್ತಿ ಬಂದ ಮೇಲೆ ಸ್ವಿಚ್ ಎಫ್‌ಸಿಎಸ್ ಲೆಕ್ಕ ಹಾಕಿ ನೋಡುತ್ತದೆ. ತಾಳೆಯಾಗದಿದ್ದರೆ ಫ್ರೇಮನ್ನು ಅಲ್ಲೇ ಬಿಸಾಕಿ ಪೋರ್ಟಿನ ಎರರ್ ಕೌಂಟರ್ ಒಂದು ಏರಿಸುತ್ತದೆ. ಇದು ಸ್ಟೋರ್ ಅಂಡ್ ಫಾರ್ವರ್ಡ್ ವಿಧಾನ. 1518 ಬೈಟ್‌ನ ಫ್ರೇಮ್ ಪೂರ್ತಿ ಬರಲು 100 ಎಂಬಿಪಿಎಸ್‌ನಲ್ಲಿ ಸುಮಾರು 121 ಮೈಕ್ರೋಸೆಕೆಂಡ್, 1 ಜಿಬಿಪಿಎಸ್‌ನಲ್ಲಿ 12, 10 ಜಿಬಿಪಿಎಸ್‌ನಲ್ಲಿ 1.2 ಮೈಕ್ರೋಸೆಕೆಂಡ್ ಬೇಕು. ಅಷ್ಟೂ ಕಾಯಲಾಗದ ಕಡೆ ಡೆಸ್ಟಿನೇಶನ್ ವಿಳಾಸ ಓದಿದ ಕೂಡಲೇ ಕಳಿಸತೊಡಗುವ ಕಟ್ ಥ್ರೂ ಸ್ವಿಚ್‌ಗಳಿವೆ. ಅವು ಕೆಟ್ಟ ಫ್ರೇಮನ್ನೂ ಮುಂದಕ್ಕೆ ದಾಟಿಸುತ್ತವೆ. ಹಾಗಾಗಿ ಅಂಥ ಜಾಲದಲ್ಲಿ ಎಫ್‌ಸಿಎಸ್ ಎರರ್ ಕಂಡ ಪೋರ್ಟಿನ ಕೇಬಲ್ಲೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ತಪ್ಪು ಇನ್ನೂ ಹಿಂದಿನ ಕೊಂಡಿಯಲ್ಲಿ ಹುಟ್ಟಿರಬಹುದು.

ಮುಂದೆ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಿದ್ದು ಎಂಬ ನಿರ್ಧಾರ. ಟ್ಯಾಗ್ ಇದ್ದರೆ ಅದರಲ್ಲಿರುವ ಸಂಖ್ಯೆ, ಇಲ್ಲದಿದ್ದರೆ ಪೋರ್ಟಿಗೆ ಕೊಟ್ಟಿರುವ ಸಂಖ್ಯೆ. ಆಮೇಲೆ ಕಲಿಕೆ: ವಿಲ್ಯಾನ್ ಮತ್ತು ಸೋರ್ಸ್ ಮ್ಯಾಕ್ ಜೋಡಿಯನ್ನು ಟೇಬಲ್‌ನಲ್ಲಿ ಹುಡುಕುತ್ತದೆ. ಇಲ್ಲದಿದ್ದರೆ ಬಂದ ಪೋರ್ಟಿನ ಹೆಸರಿನಲ್ಲಿ ಬರೆದುಕೊಳ್ಳುತ್ತದೆ. ಇದ್ದು, ಪೋರ್ಟ್ ಅದೇ ಆಗಿದ್ದರೆ ಸಮಯವನ್ನಷ್ಟೇ ಹೊಸದು ಮಾಡುತ್ತದೆ. ಇದ್ದು, ಪೋರ್ಟ್ ಬೇರೆಯಾಗಿದ್ದರೆ ಹಳೆಯದನ್ನು ಅಳಿಸಿ ಹೊಸ ಪೋರ್ಟನ್ನು ಬರೆಯುತ್ತದೆ. ಅನುಮಾನಿಸುವುದಿಲ್ಲ, ಕೊನೆಗೆ ಎಲ್ಲಿಂದ ಮಾತು ಬಂತೋ ಅದೇ ನಿಜ.

ನಂತರ ಡೆಸ್ಟಿನೇಶನ್ ಹುಡುಕಾಟ. ಅದೇ ವಿಲ್ಯಾನ್‌ನಲ್ಲಿ ಆ ವಿಳಾಸ ಸಿಕ್ಕರೆ ಆ ಒಂದು ಪೋರ್ಟಿಗೆ ಮಾತ್ರ ಕಳಿಸುತ್ತದೆ. ಸಿಕ್ಕ ಪೋರ್ಟ್ ಫ್ರೇಮ್ ಬಂದ ಪೋರ್ಟೇ ಆಗಿದ್ದರೆ ಬಿಸಾಕುತ್ತದೆ, ಏಕೆಂದರೆ ಆ ಎರಡೂ ಯಂತ್ರಗಳು ಅದೇ ಬದಿಯಲ್ಲಿವೆ. ಸಿಗದಿದ್ದರೆ, ಅಥವಾ ಬ್ರಾಡ್‌ಕಾಸ್ಟ್ ಆಗಿದ್ದರೆ, ಬಂದ ಪೋರ್ಟ್ ಬಿಟ್ಟು ಆ ವಿಲ್ಯಾನ್‌ನ ಉಳಿದೆಲ್ಲ ಪೋರ್ಟುಗಳಿಗೂ ನಕಲು ಹೋಗುತ್ತದೆ. ಇದೇ ಫ್ಲಡ್ಡಿಂಗ್. ಸ್ವಿಚ್‌ಗೆ ಗೊತ್ತಿಲ್ಲದ ವಿಳಾಸಕ್ಕೆ ಬಂದ ಫ್ರೇಮ್ ಕಳೆದುಹೋಗುವುದಿಲ್ಲ, ಎಲ್ಲರಿಗೂ ಹೋಗುತ್ತದೆ ಎಂಬುದನ್ನು ನೆನಪಿಡಿ. ಟೇಬಲ್ ಖಾಲಿಯಾದರೂ ಜಾಲ ನಿಲ್ಲದಿರುವುದು ಈ ಕಾರಣಕ್ಕೆ, ತೊಂದರೆ ಬಹಳ ದಿನ ಯಾರ ಕಣ್ಣಿಗೂ ಬೀಳದಿರುವುದೂ ಇದೇ ಕಾರಣಕ್ಕೆ.

ಕೆಲವು ವಿಳಾಸಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. 01:80:ಸಿ2:00:00:00 ಇಂದ ಶುರುವಾಗುವ 16 ವಿಳಾಸಗಳು ಸ್ವಿಚ್‌ಗಳ ನಡುವಿನ ಮಾತಿಗೆ ಮೀಸಲು. ಲೂಪ್ ತಡೆಯುವ ಎಸ್‌ಟಿಪಿ (ಸ್ಪ್ಯಾನಿಂಗ್ ಟ್ರೀ), ಪಕ್ಕದ ಸ್ವಿಚ್‌ಗೆ ತನ್ನ ಪರಿಚಯ ಹೇಳುವ ಎಲ್‌ಎಲ್‌ಡಿಪಿ, ಸ್ವಲ್ಪ ಹೊತ್ತು ಕಳಿಸಬೇಡ ಎನ್ನುವ ಪಾಜ್ ಫ್ರೇಮ್‌ಗಳು ಇದರಲ್ಲಿ ಬರುತ್ತವೆ. ಇವನ್ನು ಸ್ವಿಚ್ ತಾನೇ ಓದುತ್ತದೆ, ಮುಂದಕ್ಕೆ ದಾಟಿಸಬಾರದು.

ಟೇಬಲ್‌ನ ಗಾತ್ರ, ಆಯಸ್ಸು

ಕಲಿತ ವಿಳಾಸ ಶಾಶ್ವತವಲ್ಲ. ಸಾಮಾನ್ಯ ಆಯಸ್ಸು 300 ಸೆಕೆಂಡ್. ಆ ವಿಳಾಸ ಸೋರ್ಸ್ ಆಗಿ ಮತ್ತೆ ಕಂಡಾಗ ಮಾತ್ರ ಈ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅದಕ್ಕೆ ಸೆಕೆಂಡಿಗೆ ಸಾವಿರ ಫ್ರೇಮ್ ಹೋಗುತ್ತಿದ್ದರೂ, ಅದು ತಾನಾಗಿ ಒಂದೂ ಕಳಿಸದಿದ್ದರೆ 5 ನಿಮಿಷದ ನಂತರ ಟೇಬಲ್‌ನಿಂದ ಬೀಳುತ್ತದೆ. ಕೆಲವು ಚಿಪ್‌ಗಳು ಪ್ರತಿ ವಿಳಾಸಕ್ಕೂ ಗಡಿಯಾರ ಇಡದೆ, ಆಗಾಗ ಟೇಬಲ್ ಪೂರ್ತಿ ಸುತ್ತಿ ‘ಕಳೆದ ಸುತ್ತಿನಿಂದ ಕಂಡಿದೆಯೇ’ ಎಂಬ ಒಂದು ಬಿಟ್ ಮಾತ್ರ ನೋಡುತ್ತವೆ. ಅಂಥ ಸ್ವಿಚ್‌ನಲ್ಲಿ 300 ಎಂದಿಟ್ಟರೂ ವಿಳಾಸ 600 ಸೆಕೆಂಡಿನ ಹತ್ತಿರದವರೆಗೆ ಉಳಿಯಬಹುದು. ಪೋರ್ಟಿನ ಲಿಂಕ್ ಬಿದ್ದರೆ ಆ ಪೋರ್ಟಿನ ವಿಳಾಸಗಳು ಆಯಸ್ಸಿಗೆ ಕಾಯದೆ ಕೂಡಲೇ ಹೋಗುತ್ತವೆ.

ಗಾತ್ರದ ಬಗ್ಗೆ ಒಂದು ಸೂಕ್ಷ್ಮವಿದೆ. ತಯಾರಕರ ಹಾಳೆಯಲ್ಲಿ 8 ಸಾವಿರ ಅಥವಾ 16 ಸಾವಿರ ವಿಳಾಸ ಎಂದು ಬರೆದಿರುತ್ತದೆ. ಆದರೆ ಬಹಳಷ್ಟು ಸ್ವಿಚ್‌ಗಳ ಟೇಬಲ್ ಹ್ಯಾಶ್ ಮಾದರಿಯದು: ವಿಳಾಸದಿಂದ ಲೆಕ್ಕ ಹಾಕಿದ ಒಂದು ಖಾನೆಗೆ ಅದು ಹೋಗಬೇಕು, ಪ್ರತಿ ಖಾನೆಯಲ್ಲಿ ಕೆಲವೇ ಜಾಗ. ಒಂದು ಖಾನೆ ತುಂಬಿದರೆ ಉಳಿದ ಟೇಬಲ್ ಖಾಲಿ ಇದ್ದರೂ ಆ ವಿಳಾಸವನ್ನು ಕಲಿಯಲಾಗುವುದಿಲ್ಲ, ಅದಕ್ಕೆ ಹೋಗುವ ಫ್ರೇಮ್‌ಗಳು ಫ್ಲಡ್ ಆಗುತ್ತಲೇ ಇರುತ್ತವೆ. ಆದ್ದರಿಂದ ಬರೆದ ಸಂಖ್ಯೆಯ ಅಂಚಿನವರೆಗೆ ತುಂಬಿಸುವ ಯೋಜನೆ ಹಾಕಬೇಡಿ, ಅರ್ಧಕ್ಕೆ ನಿಲ್ಲಿಸುವುದು ಒಳ್ಳೆಯದು.

ಒಂದೇ ಯಂತ್ರದಲ್ಲಿ ಮಾಡಿ ನೋಡಿ

ಲಿನಕ್ಸ್ ಕರ್ನಲ್‌ನಲ್ಲಿರುವ ಬ್ರಿಡ್ಜ್ ಇದೇ ನಿಯಮದಿಂದ ಕಲಿಯುವ ಪೂರ್ಣ ಸ್ವಿಚ್. ಹಾರ್ಡ್‌ವೇರ್ ಸ್ವಿಚ್‌ನಲ್ಲಿ ಮಾಡಲು ಹೆದರುವ ಪ್ರಯೋಗಗಳನ್ನು ಇದರಲ್ಲಿ ನಿಶ್ಚಿಂತೆಯಿಂದ ಮಾಡಬಹುದು. ಬೇಕಾಗುವುದು ರೂಟ್ ಅಧಿಕಾರವಿರುವ ಒಂದು ಲಿನಕ್ಸ್ ಯಂತ್ರ, ಐಪಿ, ಬ್ರಿಡ್ಜ್ ಕಮಾಂಡುಗಳಿರುವ ಐಪಿರೂಟ್2 ಪ್ಯಾಕೇಜ್, ಫ್ರೇಮ್‌ಗಳನ್ನು ಕಣ್ಣಿಗೆ ತೋರಿಸುವ ಟಿಸಿಪಿಡಂಪ್. ವರ್ಚುಯಲ್ ಯಂತ್ರವಾದರೆ ಇನ್ನೂ ಒಳ್ಳೆಯದು. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನು ಬಳಸಿ.

ಮೊದಲು ಸ್ವಿಚ್:

ಐಪಿ ಲಿಂಕ್ ಆಡ್ ಬಿಆರ್0 ಟೈಪ್ ಬ್ರಿಡ್ಜ್
ಐಪಿ ಲಿಂಕ್ ಸೆಟ್ ಬಿಆರ್0 ಅಪ್

ಈಗ ಮೊದಲ ಯಂತ್ರ. ಎಚ್1 ಎಂಬ ನೇಮ್‌ಸ್ಪೇಸ್ (ಸ್ವಂತ ಜಾಲವಿರುವ, ಪ್ರತ್ಯೇಕ ಯಂತ್ರದಂತೆ ನಡೆಯುವ ಕೋಣೆ) ಮಾಡಿ, ವಿ1 ಮತ್ತು ಇ1 ಎಂಬ ಎರಡು ತುದಿಗಳ ವರ್ಚುಯಲ್ ಕೇಬಲ್ ಎಳೆದು, ವಿ1 ತುದಿಯನ್ನು ಸ್ವಿಚ್‌ಗೂ ಇ1 ತುದಿಯನ್ನು ಎಚ್1 ಒಳಕ್ಕೂ ಹಾಕುತ್ತೇವೆ:

ಐಪಿ ನೆಟ್‌ಎನ್‌ಎಸ್ ಆಡ್ ಎಚ್1
ಐಪಿ ಲಿಂಕ್ ಆಡ್ ವಿ1 ಟೈಪ್ ವಿಇಟಿಎಚ್ ಪಿಯರ್ ನೇಮ್ ಇ1
ಐಪಿ ಲಿಂಕ್ ಸೆಟ್ ಇ1 ನೆಟ್‌ಎನ್‌ಎಸ್ ಎಚ್1
ಐಪಿ ಲಿಂಕ್ ಸೆಟ್ ವಿ1 ಮಾಸ್ಟರ್ ಬಿಆರ್0
ಐಪಿ ಲಿಂಕ್ ಸೆಟ್ ವಿ1 ಅಪ್
ಐಪಿ ನೆಟ್‌ಎನ್‌ಎಸ್ ಎಕ್ಸೆಕ್ ಎಚ್1 ಸಿಸ್‌ಸಿಟಿಎಲ್ -ಡಬ್ಲ್ಯೂ ನೆಟ್.ಐಪಿವಿ6.ಕಾನ್ಫ್.ಆಲ್.ಡಿಸೇಬಲ್_ಐಪಿವಿ6=1
ಐಪಿ -ಎನ್ ಎಚ್1 ಲಿಂಕ್ ಸೆಟ್ ಇ1 ಅಡ್ರೆಸ್ 02:00:00:00:00:01
ಐಪಿ -ಎನ್ ಎಚ್1 ಅಡ್ರ್ ಆಡ್ 10.0.0.1/24 ಡೆವ್ ಇ1
ಐಪಿ -ಎನ್ ಎಚ್1 ಲಿಂಕ್ ಸೆಟ್ ಇ1 ಅಪ್

ಇದನ್ನೇ 2 ಮತ್ತು 3ಕ್ಕೆ ಮಾಡಿ: ಎಚ್2, ವಿ2, ಇ2, ಕೊನೆಯ ಬೈಟ್ 02, ಐಪಿ 10.0.0.2, ಎಚ್3ಕ್ಕೂ ಹಾಗೆಯೇ. ಐಪಿವಿ6 ನಿಲ್ಲಿಸುವ ಸಾಲನ್ನು ಬಿಡಬೇಡಿ, ಲಿಂಕ್ ಮೇಲೆಬ್ಬಿಸುವ ಮೊದಲೇ ಅದು ಆಗಿರಬೇಕು. ಇಲ್ಲದಿದ್ದರೆ ಇಂಟರ್‌ಫೇಸ್ ಎದ್ದ ಕೂಡಲೇ ಯಂತ್ರ ತನ್ನ ಐಪಿವಿ6 ವಿಳಾಸಕ್ಕಾಗಿ ಮಲ್ಟಿಕಾಸ್ಟ್ ಫ್ರೇಮ್‌ಗಳನ್ನು ಕಳಿಸುತ್ತದೆ. ನೀವು ಪಿಂಗ್ (ಇದ್ದೀಯಾ ಎಂದು ಕೇಳಿ ಉತ್ತರಕ್ಕೆ ಕಾಯುವ ಪರೀಕ್ಷೆ) ಮಾಡುವ ಮೊದಲೇ ಸ್ವಿಚ್ ಮೂವರನ್ನೂ ಕಲಿತುಬಿಟ್ಟಿರುತ್ತದೆ, ಪ್ರಯೋಗದ ಸ್ವಾರಸ್ಯವೇ ಹೋಗುತ್ತದೆ.

ಟೇಬಲ್ ನೋಡಲು: ಬ್ರಿಡ್ಜ್ ಎಫ್‌ಡಿಬಿ ಶೋ ಬಿಆರ್ ಬಿಆರ್0. ‘ಪರ್ಮನೆಂಟ್’ ಎಂದಿರುವ ಸಾಲುಗಳು ಸ್ವಿಚ್‌ನ ಸ್ವಂತ ಪೋರ್ಟುಗಳವು ಮತ್ತು ಮಲ್ಟಿಕಾಸ್ಟ್‌ನವು, ಅವನ್ನು ಬಿಡಿ. 02:00 ಇಂದ ಶುರುವಾಗುವ ಒಂದೂ ಸಾಲು ಇರಬಾರದು.

ಇನ್ನೊಂದು ಟರ್ಮಿನಲ್‌ನಲ್ಲಿ ಎಚ್3 ಒಳಗೆ ಕಿವಿಗೊಟ್ಟು ಕುಳಿತುಕೊಳ್ಳಿ:

ಐಪಿ ನೆಟ್‌ಎನ್‌ಎಸ್ ಎಕ್ಸೆಕ್ ಎಚ್3 ಟಿಸಿಪಿಡಂಪ್ -ಎನ್ -ಇ -ಐ ಇ3 ಎಆರ್‌ಪಿ ಆರ್ ಐಸಿಎಂಪಿ

ಈಗ ಎಚ್1ರಿಂದ 10.0.0.2ಕ್ಕೆ ಮೂರು ಪಿಂಗ್ ಕಳಿಸಿ. ಎಚ್3ಕ್ಕೆ ಕಾಣುವುದು ‘10.0.0.2 ಯಾರು’ ಎಂಬ ಒಂದು ಎಆರ್‌ಪಿ (ಐಪಿ ವಿಳಾಸ ಹೇಳಿ ಮ್ಯಾಕ್ ಕೇಳುವ ವಿಧಾನ) ಬ್ರಾಡ್‌ಕಾಸ್ಟ್ ಮಾತ್ರ. ಎಚ್2 ಕೊಟ್ಟ ಉತ್ತರ ಕಾಣುವುದಿಲ್ಲ, ಏಕೆಂದರೆ ಪ್ರಶ್ನೆ ದಾಟಿದಾಗಲೇ ಸ್ವಿಚ್ ಎಚ್1 ಎಲ್ಲಿದೆ ಎಂದು ಕಲಿತಾಗಿತ್ತು. ಉತ್ತರ ದಾಟಿದಾಗ ಎಚ್2ವನ್ನೂ ಕಲಿಯಿತು, ಹಾಗಾಗಿ ಮೂರು ಪಿಂಗ್‌ಗಳಲ್ಲಿ ಒಂದೂ ಎಚ್3ರ ಕಡೆ ಬರಲಿಲ್ಲ. ಟೇಬಲ್ ಮತ್ತೆ ನೋಡಿ: 01 ವಿ1ರಲ್ಲಿ, 02 ವಿ2ರಲ್ಲಿ. ಬಾಯಿ ತೆರೆಯದ ಎಚ್3 ಟೇಬಲ್‌ನಲ್ಲಿಲ್ಲ.

ಎಆರ್‌ಪಿಗೆ ಉತ್ತರ ಬಂದು ಪಿಂಗ್‌ಗೆ ಮಾತ್ರ ಬರದಿದ್ದರೆ ತಪ್ಪು ನಿಮ್ಮದಲ್ಲ. ಡಾಕರ್ (ಕಂಟೇನರ್ ನಡೆಸುವ ತಂತ್ರಾಂಶ) ಇರುವ ಯಂತ್ರಗಳಲ್ಲಿ ಬ್ರಿಡ್ಜ್ ದಾಟುವ ಐಪಿ ಪ್ಯಾಕೆಟ್‌ಗಳೂ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ನಿಯಮಕ್ಕೆ ಸಿಕ್ಕಿ ಬೀಳುವುದುಂಟು. ನೆಟ್.ಬ್ರಿಡ್ಜ್.ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಮೌಲ್ಯವನ್ನು 0 ಮಾಡಿ ಮತ್ತೆ ನೋಡಿ, ಪ್ರಯೋಗ ಮುಗಿದ ಮೇಲೆ ಮೊದಲಿದ್ದಂತೆ ಇಡಿ.

ಮುಂದಿನ ಹೆಜ್ಜೆಯೇ ಈ ಪ್ರಯೋಗದ ಜೀವ. ಎಚ್1ರಲ್ಲಿ ಎಆರ್‌ಪಿಯನ್ನು ಗಟ್ಟಿ ಮಾಡಿ, ಅದು ಮತ್ತೆ ಕೇಳದಿರಲಿ:

ಐಪಿ -ಎನ್ ಎಚ್1 ನೈಬರ್ ರಿಪ್ಲೇಸ್ 10.0.0.2 ಎಲ್‌ಎಲ್‌ಅಡ್ರ್ 02:00:00:00:00:02 ಡೆವ್ ಇ1 ಎನ್‌ಯುಡಿ ಪರ್ಮನೆಂಟ್

ಎಚ್2ರಲ್ಲಿ ಎಚ್1ರ ವಿಳಾಸಕ್ಕೂ ಹೀಗೇ ಮಾಡಿ. ಆಮೇಲೆ ವಿ2 ಪೋರ್ಟಿನಲ್ಲಿ ಕಲಿಕೆ ನಿಲ್ಲಿಸಿ, ಕಲಿತದ್ದನ್ನು ಅಳಿಸಿ:

ಬ್ರಿಡ್ಜ್ ಲಿಂಕ್ ಸೆಟ್ ಡೆವ್ ವಿ2 ಲರ್ನಿಂಗ್ ಆಫ್
ಬ್ರಿಡ್ಜ್ ಎಫ್‌ಡಿಬಿ ಡೆಲ್ 02:00:00:00:00:02 ಡೆವ್ ವಿ2 ಮಾಸ್ಟರ್

ಕಲಿಕೆ ನಿಲ್ಲಿಸಿದರೆ ಹಳೆಯ ಸಾಲು ತಾನಾಗಿ ಹೋಗುವುದಿಲ್ಲ, ಎರಡನೇ ಕಮಾಂಡು ಅದಕ್ಕೇ. ಪಿಂಗ್ ಮತ್ತೆ ಬಿಡಿ. ಎಚ್1 ಮತ್ತು ಎಚ್2ರ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಒಂದು ಪಿಂಗೂ ಕಳೆಯುವುದಿಲ್ಲ. ಆದರೆ ಎಚ್3ರಲ್ಲಿ ಪ್ರತಿ ಪ್ರಶ್ನೆಯೂ ಕಾಣುತ್ತದೆ, ಒಂದು ಉತ್ತರವೂ ಕಾಣುವುದಿಲ್ಲ. ಸಂಬಂಧವಿಲ್ಲದ ಪೋರ್ಟಿನಲ್ಲಿ ಬೇರೆಯವರ ಮಾತುಕತೆಯ ಒಂದೇ ಬದಿ ಕಾಣುವುದು ಅಜ್ಞಾತ ಯುನಿಕಾಸ್ಟ್ (ಒಬ್ಬರಿಗೇ ಹೋಗಬೇಕಾದ ಫ್ರೇಮ್) ಫ್ಲಡ್ಡಿಂಗ್‌ನ ಖಚಿತ ಗುರುತು. ಎರಡೂ ಬದಿ ಕಂಡರೆ ಅದು ಬೇರೆ ಕಥೆ: ಯಾರೋ ಪೋರ್ಟ್ ಮಿರರಿಂಗ್ (ಒಂದು ಪೋರ್ಟಿನ ಫ್ರೇಮ್‌ಗಳ ನಕಲನ್ನು ಇನ್ನೊಂದಕ್ಕೆ ಕಳಿಸುವುದು) ಹಾಕಿರಬಹುದು, ಅಥವಾ ಟೇಬಲ್ಲೇ ಕಲಿಯಲಾಗದ ಸ್ಥಿತಿಯಲ್ಲಿರಬಹುದು.

ಇನ್ನು ನಕಲಿ ವಿಳಾಸ. ವಿ2ರ ಲರ್ನಿಂಗ್ ಆನ್ ಮಾಡಿ, ಇ3 ಇಳಿಸಿ, ಅದಕ್ಕೂ 02:00:00:00:00:02 ಎಂದೇ ವಿಳಾಸ ಕೊಟ್ಟು ಮತ್ತೆ ಎಬ್ಬಿಸಿ. ಒಂದು ಟರ್ಮಿನಲ್‌ನಲ್ಲಿ ‘ಬ್ರಿಡ್ಜ್ ಮಾನಿಟರ್ ಎಫ್‌ಡಿಬಿ’ ಓಡಿಸಿ. ಎಚ್2ರಿಂದ ಎಚ್1ಕ್ಕೆ ಪಿಂಗ್: ಸಫಲ. ಎಚ್3ರಿಂದ ಎಚ್1ಕ್ಕೆ ಪಿಂಗ್: ಅದೂ ಸಫಲ, ಜೊತೆಗೆ ಮಾನಿಟರ್‌ನಲ್ಲಿ ವಿಳಾಸ ವಿ3ಕ್ಕೆ ಜಿಗಿದದ್ದು ಕಾಣುತ್ತದೆ. ಈಗ ಎಚ್1ರಿಂದ 10.0.0.2ಕ್ಕೆ ಪಿಂಗ್ ಮಾಡಿ: ಉತ್ತರವಿಲ್ಲ. ಫ್ರೇಮ್ ವಿ3ಕ್ಕೆ ಹೋಗುತ್ತಿದೆ, ಎಚ್2ಕ್ಕೆ ತಲುಪುತ್ತಿಲ್ಲ, ತಲುಪದ ಕಾರಣ ಅದು ಮಾತಾಡುವುದೂ ಇಲ್ಲ. ಮ್ಯಾಕ್ ನಕಲಿನ ತೊಂದರೆ ಇಷ್ಟು ವಿಚಿತ್ರವಾಗಿ ಕಾಣುವುದು ಹೀಗೆ. ಆ ಯಂತ್ರದ ಮುಂದೆ ಕುಳಿತು ಪಿಂಗ್ ಮಾಡಿದರೆ ಎಲ್ಲ ಚೆನ್ನಾಗಿದೆ, ಹೊರಗಿನಿಂದ ಅದನ್ನು ಮುಟ್ಟಲು ಹೋದರೆ ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಇಲ್ಲ. ಒಂದು ವರ್ಚುಯಲ್ ಯಂತ್ರವನ್ನು ನಕಲು ಮಾಡುವಾಗ ಮ್ಯಾಕ್ ವಿಳಾಸವನ್ನೂ ಹಾಗೇ ಉಳಿಸಿಕೊಂಡರೆ ಇದೇ ಆಗುತ್ತದೆ.

ಆಯಸ್ಸನ್ನು ಪರೀಕ್ಷಿಸಲು: ಐಪಿ ಲಿಂಕ್ ಸೆಟ್ ಬಿಆರ್0 ಟೈಪ್ ಬ್ರಿಡ್ಜ್ ಏಜಿಂಗ್_ಟೈಮ್ 2000, ಇಲ್ಲಿ ‘ಏಜಿಂಗ್’ ಪದಕ್ಕೆ ಜಿ ಅಕ್ಷರದ ನಂತರ ಇ ಇರುವ ಕಾಗುಣಿತ ಬಳಸಿ. ಮೌಲ್ಯ ಸೆಕೆಂಡಿನ ನೂರನೇ ಒಂದು ಭಾಗದಲ್ಲಿದೆ: 2000 ಎಂದರೆ 20 ಸೆಕೆಂಡ್, ಮೊದಲಿದ್ದ 30000 ಎಂದರೆ 300 ಸೆಕೆಂಡ್. ನೇರ ಸೆಕೆಂಡ್ ಎಂದುಕೊಂಡು 300 ಕೊಟ್ಟರೆ ವಿಳಾಸಗಳು 3 ಸೆಕೆಂಡಿಗೇ ಉದುರಿ ಇಡೀ ಬ್ರಿಡ್ಜ್ ಸದಾ ಫ್ಲಡ್ ಮಾಡುತ್ತದೆ. ಮುಗಿದ ಮೇಲೆ ಮೂರು ನೇಮ್‌ಸ್ಪೇಸ್‌ಗಳನ್ನೂ ಬಿಆರ್0ವನ್ನೂ ಡಿಲೀಟ್ ಮಾಡಿ.

ನಿಜವಾದ ಜಾಲದಲ್ಲಿ ಯಂತ್ರ ಹುಡುಕುವುದು

ಒಂದು ಐಪಿ ವಿಳಾಸ ಗೊತ್ತಿದೆ, ಅದು ಯಾವ ಸ್ವಿಚ್‌ನ ಯಾವ ಪೋರ್ಟಿನಲ್ಲಿದೆ ಎಂದು ತಿಳಿಯಬೇಕು. ಮೊದಲು ಅದಕ್ಕೆ ಪಿಂಗ್ ಮಾಡಿ. ಉತ್ತರ ಕೊಡದಿದ್ದರೂ ಸರಿ, ಎಆರ್‌ಪಿಗಾದರೂ ಅದು ಬಾಯಿ ತೆರೆಯುತ್ತದೆ, ದಾರಿಯಲ್ಲಿರುವ ಸ್ವಿಚ್‌ಗಳೆಲ್ಲ ಹೊಸದಾಗಿ ಕಲಿಯುತ್ತವೆ. ಈ ಹೆಜ್ಜೆ ಬಿಟ್ಟವರಿಗೆ ಅರ್ಧ ದಾರಿಯಲ್ಲಿ ಟೇಬಲ್ ಖಾಲಿ ಕಾಣುತ್ತದೆ.

ಅದರ ಗೇಟ್‌ವೇ (ಬೇರೆ ಜಾಲಗಳಿಗೆ ಹೋಗುವ ಬಾಗಿಲು) ಆಗಿರುವ ರೂಟರ್ ಅಥವಾ ಮೂರನೇ ಪದರದ (ಐಪಿ ನೋಡಿ ಸಾಗಿಸುವ) ಸ್ವಿಚ್‌ನಲ್ಲಿ ಎಆರ್‌ಪಿ ಟೇಬಲ್ ನೋಡಿ ಮ್ಯಾಕ್ ತೆಗೆದುಕೊಳ್ಳಿ. ಬೇರೆ ಸಬ್‌ನೆಟ್‌ನ (ಐಪಿ ವಿಳಾಸಗಳ ಗುಂಪಿನ) ಯಂತ್ರದಿಂದ ನೋಡಿದರೆ ಸಿಗುವುದು ನಿಮ್ಮ ಗೇಟ್‌ವೇಯ ಮ್ಯಾಕ್ ಮಾತ್ರ, ಏಕೆಂದರೆ ರೂಟರ್ ದಾಟುವಾಗ ಎರಡೂ ಮ್ಯಾಕ್ ಬದಲಾಗುತ್ತವೆ. ನಂತರ ಅಲ್ಲಿಂದಲೇ ಮ್ಯಾಕ್ ಟೇಬಲ್‌ನಲ್ಲಿ ಹುಡುಕಿ. ಸಿಸ್ಕೋದಲ್ಲಿ ‘ಶೋ ಮ್ಯಾಕ್ ಅಡ್ರೆಸ್-ಟೇಬಲ್ ಅಡ್ರೆಸ್ 0200.0000.0002’, ನಾಲ್ಕು ಅಂಕಿಗೊಂದು ಚುಕ್ಕಿ. ಜುನಿಪರ್‌ನಲ್ಲಿ ‘ಶೋ ಈಥರ್ನೆಟ್-ಸ್ವಿಚಿಂಗ್ ಟೇಬಲ್’. ಸಿಕ್ಕ ಪೋರ್ಟ್ ಇನ್ನೊಂದು ಸ್ವಿಚ್‌ಗೆ ಹೋಗುವ ಟ್ರಂಕ್ ಆಗಿದ್ದರೆ ಎಲ್‌ಎಲ್‌ಡಿಪಿ ನೈಬರ್ ಪಟ್ಟಿಯಲ್ಲಿ ಆ ಸ್ವಿಚ್ ಯಾವುದೆಂದು ನೋಡಿ, ಅಲ್ಲಿಗೆ ಹೋಗಿ ಮತ್ತೆ ಹುಡುಕಿ. ಹಲವು ಕೇಬಲ್ ಸೇರಿಸಿ ಒಂದು ಮಾಡಿದ ಕಡೆ ಟೇಬಲ್ ತೋರಿಸುವುದು ಆ ಗುಂಪಿನ ಹೆಸರನ್ನು, ಬಿಡಿ ಪೋರ್ಟನ್ನಲ್ಲ. ಕಲಿಕೆ ನಡೆಯುವುದೂ ಗುಂಪಿನ ಮಟ್ಟದಲ್ಲೇ.

ಒಂದು ಅಂಚಿನ ಪೋರ್ಟಿನಲ್ಲಿ ಒಂದೇ ಮ್ಯಾಕ್ ಇದ್ದರೆ ಹುಡುಕಾಟ ಮುಗಿಯಿತು. ಎರಡಿದ್ದು ಬೇರೆ ಬೇರೆ ವಿಲ್ಯಾನ್‌ನಲ್ಲಿದ್ದರೆ ಐಪಿ ಫೋನಿನ ಹಿಂದೆ ಕಂಪ್ಯೂಟರ್ ಇದೆ ಎಂದರ್ಥ. ಹತ್ತಾರು ಇದ್ದರೆ ವೈಫೈ ಆಕ್ಸೆಸ್ ಪಾಯಿಂಟ್, ವರ್ಚುಯಲ್ ಯಂತ್ರಗಳ ಸರ್ವರ್, ಇಲ್ಲವೇ ಮೇಜಿನ ಕೆಳಗೆ ಯಾರೋ ಇಟ್ಟ ಸಣ್ಣ ಸ್ವಿಚ್.

ಕೆಡುವ ಬಗೆಗಳು

ಎಲ್ಲಕ್ಕಿಂತ ಹೆಚ್ಚು ಕಾಡುವುದು, ಎಲ್ಲಕ್ಕಿಂತ ತಡವಾಗಿ ಪತ್ತೆಯಾಗುವುದು, ಎಆರ್‌ಪಿ ಆಯಸ್ಸು ಮತ್ತು ಮ್ಯಾಕ್ ಆಯಸ್ಸಿನ ಅಂತರ. ಸಿಸ್ಕೋ ರೂಟರ್‌ಗಳಲ್ಲಿ ಎಆರ್‌ಪಿ ಉಳಿಯುವುದು 14400 ಸೆಕೆಂಡ್, ಅಂದರೆ 4 ಗಂಟೆ. ಮ್ಯಾಕ್ ಉಳಿಯುವುದು 300 ಸೆಕೆಂಡ್. ಎರಡು ಗೇಟ್‌ವೇ ಇರುವ ಜಾಲದಲ್ಲಿ ಸರ್ವರ್‌ನಿಂದ ಹೊರಹೋಗುವ ಮಾತು ಮೊದಲ ಗೇಟ್‌ವೇ ಮೂಲಕ, ಹಿಂದಿರುಗುವ ಮಾತು ಎರಡನೆಯದರ ಮೂಲಕ ಬರಬಹುದು. ಆಗ ಎರಡನೇ ಸ್ವಿಚ್‌ಗೆ ಸರ್ವರ್ ಸೋರ್ಸ್ ಆಗಿ ಕಾಣುವುದೇ ಇಲ್ಲ. 5 ನಿಮಿಷಕ್ಕೆ ಮ್ಯಾಕ್ ಬಿದ್ದುಹೋಗುತ್ತದೆ, ಎಆರ್‌ಪಿ ಮಾತ್ರ ಗಂಟೆಗಟ್ಟಲೆ ಉಳಿದಿರುತ್ತದೆ. ಆ ಸರ್ವರ್‌ಗೆ ಬರುವ ಅಷ್ಟೂ ಮಾಹಿತಿ ವಿಲ್ಯಾನ್‌ನ ಎಲ್ಲ ಪೋರ್ಟುಗಳಿಗೂ ಹರಿಯುತ್ತದೆ. 300 ಎಂಬಿಪಿಎಸ್‌ನ ಒಂದು ಬ್ಯಾಕಪ್ ಹೀಗೆ ಹರಿದರೆ 1 ಜಿಬಿಪಿಎಸ್ ಪೋರ್ಟುಗಳು ಹೇಗೋ ತಡೆದುಕೊಳ್ಳುತ್ತವೆ, 100 ಎಂಬಿಪಿಎಸ್‌ನಲ್ಲಿರುವ ಪ್ರಿಂಟರ್, ಕ್ಯಾಮೆರಾಗಳು ಉಸಿರುಗಟ್ಟುತ್ತವೆ. ದೂರು ಬರುವುದು ಕ್ಯಾಮೆರಾದ ಬಗ್ಗೆ, ತಪ್ಪಿರುವುದು ಗೇಟ್‌ವೇಯಲ್ಲಿ.

ಪರಿಹಾರ ಎರಡು. ಎಆರ್‌ಪಿ ಆಯಸ್ಸನ್ನು ಮ್ಯಾಕ್‌ಗಿಂತ ಕಡಿಮೆ ಮಾಡುವುದು, ಉದಾಹರಣೆಗೆ 270 ಸೆಕೆಂಡ್. ಆಗ ಎರಡನೇ ಗೇಟ್‌ವೇ ಆಗಾಗ ಎಆರ್‌ಪಿ ಕೇಳುತ್ತದೆ, ಸರ್ವರ್ ಉತ್ತರ ಅದರ ಮೂಲಕವೇ ಬರುತ್ತದೆ, ಕಲಿಕೆ ಹೊಸದಾಗುತ್ತದೆ. ಸಾವಿರಾರು ಯಂತ್ರಗಳಿದ್ದರೆ ಎಆರ್‌ಪಿ ಹೊರೆ ಏರುತ್ತದೆ. ಇನ್ನೊಂದು, ಮ್ಯಾಕ್ ಆಯಸ್ಸನ್ನು 14400ಕ್ಕೆ ಏರಿಸುವುದು. ಯಂತ್ರ ಜಾಗ ಬದಲಿಸಿ ಮಾತಾಡಿದ ಕೂಡಲೇ ಟೇಬಲ್ ಬದಲಾಗುವುದರಿಂದ ಇದರಲ್ಲಿ ಅಂಥ ಅಪಾಯವಿಲ್ಲ, ಟೇಬಲ್‌ನಲ್ಲಿ ಜಾಗವಿದ್ದರೆ ಸಾಕು. ಆದರೂ ಎಸ್‌ಟಿಪಿ ಬದಲಾವಣೆಯಲ್ಲಿ ಟೇಬಲ್ ಖಾಲಿಯಾದಾಗ ಉಳಿಸುವುದು ಮೊದಲನೆಯದೇ, ಹಾಗಾಗಿ ಮೊದಲು ಅದನ್ನೇ ಪ್ರಯತ್ನಿಸಿ.

ಬರೀ ಕೇಳಿಸಿಕೊಳ್ಳುವ ಯಂತ್ರಗಳದ್ದೂ ಇದೇ ಜಾತಿಯ ತೊಂದರೆ. ಸ್ವೀಕೃತಿ ಬೇಡದ ಯುಡಿಪಿ ವಿಧಾನದಲ್ಲಿ ಲಾಗ್ ಸಂಗ್ರಹಿಸುವ ಸರ್ವರ್ ಏನನ್ನೂ ತಿರುಗಿ ಕಳಿಸಬೇಕಿಲ್ಲ. ಅದು ಪ್ರತಿ ನಿಮಿಷಕ್ಕೊಮ್ಮೆ ಗೇಟ್‌ವೇಗೆ ಪಿಂಗ್ ಮಾಡುವಂತೆ ಇಡಿ, ಇಲ್ಲವೇ ಸ್ವಿಚ್‌ನಲ್ಲಿ ಅದರ ಮ್ಯಾಕ್ ಅನ್ನು ಸ್ಟ್ಯಾಟಿಕ್ ಆಗಿ ಬರೆಯಿರಿ. ಸ್ಟ್ಯಾಟಿಕ್ ಬರೆದ ಮೇಲೆ ಕೇಬಲ್ ಬೇರೆ ಪೋರ್ಟಿಗೆ ಹಾಕಿದರೆ ಸ್ವಿಚ್ ಒಪ್ಪುವುದಿಲ್ಲ ಎಂಬುದನ್ನು ಮರೆಯಬೇಡಿ. ಹಲವು ಸರ್ವರ್‌ಗಳಿಗೆ ಹೊರೆ ಹಂಚುವ ಮೈಕ್ರೋಸಾಫ್ಟ್‌ನ ಎನ್‌ಎಲ್‌ಬಿಯ ಯುನಿಕಾಸ್ಟ್ ವಿಧಾನವಂತೂ ಹಂಚಿಕೊಂಡ ಮ್ಯಾಕ್ ಸೋರ್ಸ್ ಆಗಿ ಕಾಣದಂತೆ ಬೇಕೆಂದೇ ಮರೆಮಾಡುತ್ತದೆ, ಫ್ಲಡ್ ಆಗಲಿ ಎಂಬುದೇ ಅದರ ಉದ್ದೇಶ. ಅದಕ್ಕೆ ಪ್ರತ್ಯೇಕ ವಿಲ್ಯಾನ್ ಕೊಡಿ.

ಯಂತ್ರ ಜಾಗ ಬದಲಿಸಿದಾಗ ಸುಮಾರು 5 ನಿಮಿಷ ಸತ್ತಂತಿದ್ದು ಆಮೇಲೆ ತಾನೇ ಸರಿಹೋದರೆ ಕಾರಣ ಬಹುತೇಕ ಒಂದೇ. ಹಳೆಯ ಜಾಗದಲ್ಲಿ ನಡುವೆ ಸಣ್ಣ ಸ್ವಿಚ್ ಇತ್ತು, ದೊಡ್ಡ ಸ್ವಿಚ್‌ಗೆ ಲಿಂಕ್ ಬಿದ್ದದ್ದು ತಿಳಿಯಲಿಲ್ಲ, ಹೊಸ ಜಾಗದಲ್ಲಿ ಯಂತ್ರ ಇನ್ನೂ ಮಾತಾಡಿಲ್ಲ. ಗೊತ್ತಿರುವ ವಿಳಾಸವಾದ್ದರಿಂದ ಫ್ಲಡ್ ಕೂಡ ಆಗದೆ ಫ್ರೇಮ್‌ಗಳು ಹಳೆಯ ಪೋರ್ಟಿಗೇ ಹೋಗಿ ಸಾಯುತ್ತವೆ. ವರ್ಚುಯಲ್ ಯಂತ್ರವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸರಿಸಿದಾಗ ಹೈಪರ್‌ವೈಸರ್ (ವರ್ಚುಯಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ) ಅದರ ಪರವಾಗಿ ಒಂದು ಬ್ರಾಡ್‌ಕಾಸ್ಟ್ ಕಳಿಸುವುದು ಇದನ್ನು ತಪ್ಪಿಸಲೆಂದೇ. ನೀವು ಸರಿಸಿದ ಯಂತ್ರದಿಂದಲೂ ಒಂದು ಪಿಂಗ್ ಹೊಡೆಯಿರಿ, ಸಾಕು.

ಎಸ್‌ಟಿಪಿಯಲ್ಲಿ ಟೋಪಾಲಜಿ (ಜಾಲದ ಜೋಡಣೆ) ಬದಲಾವಣೆ ಆದಾಗ ಸ್ವಿಚ್‌ಗಳು ಕಲಿತದ್ದನ್ನು ಬೇಗ ಮರೆಯುತ್ತವೆ: ಹಳೆಯ 802.1ಡಿ ವಿಧಾನದಲ್ಲಿ ಆಯಸ್ಸು 15 ಸೆಕೆಂಡಿಗೆ ಇಳಿಯುತ್ತದೆ, ಅದರ ವೇಗದ ರೂಪವಾದ ಆರ್‌ಎಸ್‌ಟಿಪಿಯಲ್ಲಿ ಕೂಡಲೇ ಅಳಿಸಲಾಗುತ್ತದೆ. ಅಪರೂಪಕ್ಕೆ ಆದರೆ ಇದು ಸರಿಯಾದ ನಡೆ. ಆದರೆ ಕಂಪ್ಯೂಟರ್ ಹಾಕುವ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸದಿದ್ದರೆ, ಯಾರೋ ಲ್ಯಾಪ್‌ಟಾಪ್ ಚುಚ್ಚಿದಾಗಲೆಲ್ಲ ಇಡೀ ಜಾಲ ಮರೆತು ಫ್ಲಡ್ ಮಾಡುತ್ತದೆ. ‘ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್’ನಲ್ಲಿ ಬದಲಾವಣೆಗಳ ಎಣಿಕೆ ಮತ್ತು ಕೊನೆಯದು ಯಾವ ಪೋರ್ಟಿನಿಂದ ಬಂತು ಎಂದು ಸಿಗುತ್ತದೆ, ಆ ಪೋರ್ಟಿನ ಜಾಡು ಹಿಡಿದು ಹೋಗಿ.

ಲೂಪ್ ಬೇರೆಯೇ ಮಟ್ಟದ ಅಪಾಯ. ಐಪಿಯಲ್ಲಿರುವಂತೆ ಈಥರ್ನೆಟ್ ಹೆಡರ್‌ನಲ್ಲಿ ಇಷ್ಟು ಸಲ ದಾಟಿದರೆ ಸಾಯಬೇಕು ಎಂಬ ಎಣಿಕೆ ಇಲ್ಲ. ವೃತ್ತದಲ್ಲಿ ಸಿಕ್ಕ ಒಂದು ಬ್ರಾಡ್‌ಕಾಸ್ಟ್ ಕೇಬಲ್ ಕೀಳುವವರೆಗೆ ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಎಲ್ಲ ಪೋರ್ಟಿಗೂ ನಕಲು. 64 ಬೈಟ್‌ನ ಫ್ರೇಮ್‌ಗಳಾದರೆ 1 ಜಿಬಿಪಿಎಸ್ ಕೊಂಡಿಯಲ್ಲಿ ಸೆಕೆಂಡಿಗೆ 14,88,095ರವರೆಗೆ ಹೋಗಬಹುದು. ಅದೇ ಸೋರ್ಸ್ ವಿಳಾಸ ಎರಡು ಪೋರ್ಟುಗಳಿಂದ ಸರದಿಯಂತೆ ಬರುವುದರಿಂದ ಟೇಬಲ್ ಅತ್ತಿತ್ತ ಓಲಾಡುತ್ತದೆ, ಲಾಗ್‌ನಲ್ಲಿ ಮ್ಯಾಕ್ ಫ್ಲ್ಯಾಪಿಂಗ್ ಸಂದೇಶಗಳು ಸುರಿಯುತ್ತವೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ರೂಪಿಸಿದ್ದು ಇದಕ್ಕಾಗಿ. ಎಷ್ಟೇ ಸಣ್ಣ ಜಾಲವಾದರೂ ಅದನ್ನು ಆಫ್ ಮಾಡಬೇಡಿ. ಎಡ್ಜ್ ಪೋರ್ಟುಗಳಿಗೆ ಬಿಪಿಡಿಯು ಗಾರ್ಡ್ (ಸ್ಪ್ಯಾನಿಂಗ್ ಟ್ರೀ ಸಂದೇಶವಾದ ಬಿಪಿಡಿಯು ಬಂದರೆ ಪೋರ್ಟ್ ಮುಚ್ಚುವ ಕಾವಲು) ಹಾಕಿ. ಸಣ್ಣ ಸ್ವಿಚ್‌ಗಳು ಬಿಪಿಡಿಯುಗಳನ್ನು ನುಂಗಿಬಿಟ್ಟರೆ ಗಾರ್ಡ್‌ಗೆ ಏನೂ ಕಾಣುವುದಿಲ್ಲ, ಆದ್ದರಿಂದ ಜೊತೆಗೆ ಬ್ರಾಡ್‌ಕಾಸ್ಟ್‌ಗೆ ಮಿತಿ ಹಾಕುವ ಸ್ಟಾರ್ಮ್ ಕಂಟ್ರೋಲ್ ಕೂಡ ಬೇಕು.

ಫ್ಲ್ಯಾಪಿಂಗ್ ಕಂಡಾಗಲೆಲ್ಲ ಲೂಪ್ ಅಲ್ಲ. ಒಂದಿಬ್ಬರ ವಿಳಾಸ ಮಾತ್ರ ನಿಧಾನಕ್ಕೆ ಓಲಾಡಿದರೆ ಅದು ಆಕ್ಸೆಸ್ ಪಾಯಿಂಟ್‌ಗಳ ನಡುವೆ ಓಡಾಡುವ ಫೋನ್, ಅಥವಾ ಸರ್ವರ್‌ನಲ್ಲಿ ಎರಡು ಕಾರ್ಡುಗಳನ್ನು ಜೋಡಿಸಿ ಸ್ವಿಚ್‌ನಲ್ಲಿ ಜೋಡಿಸದೆ ಬಿಟ್ಟದ್ದು. ನೂರಾರು ವಿಳಾಸ ಅದೇ ಎರಡು ಪೋರ್ಟುಗಳ ನಡುವೆ ಒಟ್ಟಿಗೆ ಓಲಾಡಿದರೆ ಲೂಪ್.

ಟೇಬಲ್ ತುಂಬಿಸುವ ದಾಳಿಯೂ ಇದೆ. ಒಂದು ಪೋರ್ಟಿನಿಂದ ಸುಳ್ಳು ಸೋರ್ಸ್ ವಿಳಾಸಗಳನ್ನು ಸುರಿದು ಜಾಗವೆಲ್ಲ ಮುಗಿಸಿದರೆ, ಹೊಸಬರ ಫ್ರೇಮ್‌ಗಳು ಫ್ಲಡ್ ಆಗಿ ದಾಳಿಕೋರನ ಪೋರ್ಟಿಗೂ ಬರುತ್ತವೆ. ತಡೆ ಸರಳ: ಅಂಚಿನ ಪೋರ್ಟಿಗೆ ಗರಿಷ್ಠ ವಿಳಾಸಗಳ ಮಿತಿ. ಸಿಸ್ಕೋದ ಪೋರ್ಟ್ ಸೆಕ್ಯುರಿಟಿಯಲ್ಲಿ ಏನೂ ಹೇಳದಿದ್ದರೆ ಮಿತಿ 1, ಮೀರಿದರೆ ಪೋರ್ಟೇ ಮುಚ್ಚುತ್ತದೆ. ಫೋನ್ ಮತ್ತು ಕಂಪ್ಯೂಟರ್ ಇರುವ ಕಡೆ ಹಾಗೇ ಬಿಟ್ಟರೆ ಮೊದಲ ದಿನವೇ ಪೋರ್ಟುಗಳು ಸಾಲಾಗಿ ಬೀಳುತ್ತವೆ. ಅಲ್ಲಿ 3 ಇಡಿ, ಏಕೆಂದರೆ ಕೆಲವು ಫೋನುಗಳು ಏಳುವಾಗ ಡೇಟಾ ವಿಲ್ಯಾನ್‌ನಲ್ಲೂ ಒಮ್ಮೆ ಮಾತಾಡಿ ಆಮೇಲೆ ವಾಯ್ಸ್ ವಿಲ್ಯಾನ್‌ಗೆ ಹೋಗುತ್ತವೆ. ಮೊದಲಿಗೆ ಮುಚ್ಚುವ ಬದಲು ‘ರಿಸ್ಟ್ರಿಕ್ಟ್’ ವಿಧಾನ (ಮಿತಿ ಮೀರಿದವರ ಫ್ರೇಮ್‌ಗಳನ್ನಷ್ಟೇ ಬಿಸಾಕಿ ಎಣಿಸುವುದು) ಇಟ್ಟು ಎಣಿಕೆ ಗಮನಿಸಿ.

ಇವುಗಳಲ್ಲಿ ಯಾವುದೇ ತೊಂದರೆ ಬಂದರೂ ‘ಕ್ಲಿಯರ್ ಮ್ಯಾಕ್ ಅಡ್ರೆಸ್-ಟೇಬಲ್ ಡೈನಾಮಿಕ್’ ಹೊಡೆಯಲು ಕೈ ತುರಿಸುತ್ತದೆ. ಅದಕ್ಕೂ ಮೊದಲು ಟೇಬಲ್ ಪೂರ್ತಿ ಒಂದು ಫೈಲಿಗೆ ತೆಗೆದಿಟ್ಟುಕೊಳ್ಳಿ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಹೋಲಿಸಿದರೆ ಯಾವ ವಿಳಾಸ ಜಿಗಿದಿದೆ, ಯಾವುದು ಕಾಣೆಯಾಗಿದೆ ಎಂದು ಗೊತ್ತಾಗುತ್ತದೆ. ಅಳಿಸಿದ ಮೇಲೆ ಆ ಸಾಕ್ಷ್ಯ ಸಿಗುವುದಿಲ್ಲ. ಇಡೀ ಟೇಬಲ್ ಅಳಿಸುವ ಬದಲು ಸಂಬಂಧಪಟ್ಟ ಒಂದು ವಿಳಾಸ ಅಥವಾ ಒಂದು ಪೋರ್ಟಿನದನ್ನಷ್ಟೇ ಅಳಿಸಲು ಅದೇ ಕಮಾಂಡಿನ ಕೊನೆಗೆ ‘ಅಡ್ರೆಸ್’ ಅಥವಾ ‘ಇಂಟರ್‌ಫೇಸ್’ ಸೇರಿಸಿ.